ಮೃದುತ್ವದ ಉದ್ದ

ಶಂಕರಘಟ್ಟ. ಭೌತಶಾಸ್ತ್ರ ವಿಭಾಗದ ಹಿಂಬದಿಯ ಕೋಣೆ.
ಎರಡು ಏಸಿ, ಒಂದು ಕೆಟ್ಟದ್ದು.
ಇಲ್ಲಿ ಬ್ರಹ್ಮಾಂಡಕ್ಕೆ ಈಗ ಐವತ್ತು ಕೋಟಿ ವರ್ಷ,
ನನಗೆ ಇಪ್ಪತ್ತೊಂಬತ್ತು.
ಫೆಲೋಶಿಪ್ಪಿಗೆ ಇನ್ನು ಏಳು ತಿಂಗಳು.

ಅರವತ್ತು ಲಕ್ಷ ಕಣ, ಒಂದೊಂದಕ್ಕೂ ನಂಬರು;
ಹೆಸರಿಡುವಷ್ಟು ಪುರುಸೊತ್ತು ಯಾರಿಗಿದೆ.
ಅನಿಲ ತಣಿಯುತ್ತದೆ, ಕುಸಿಯುತ್ತದೆ,
ಕುಸಿದಲ್ಲಿ ಕೆಂಪಗೆ ತೋರಿಸು ಎಂದು ನಾನೇ ಬರೆದಿರುವುದರಿಂದ
ಕೆಂಪಗೆ ತೋರುತ್ತದೆ.

ನೂರು ಪಾಲು ಅನಿಲದಲ್ಲಿ ಎಷ್ಟು ಪಾಲು ನಕ್ಷತ್ರವಾಗಬೇಕು?
ಆ ಜಾಗ ಖಾಲಿ. ಕೈಯಾರೆ ತುಂಬಬೇಕು.
ಎರಡು ಎಂದೆ:
ಮೊದಲು ಹುಟ್ಟಿದವು ಉರಿದು, ಸಿಡಿದು,
ಮಿಕ್ಕ ಅನಿಲವನ್ನೆಲ್ಲ ಊದಿ ಹೊರಗಟ್ಟಿ,
ಹಿಡಿದಿಡುವ ಭಾರವಿಲ್ಲದೆ ಉಳಿದವು ಚದುರಿದವು
ಶಾಲೆ ಬಿಟ್ಟ ಹಾಗೆ.
ಮೂವತ್ತೈದು ಎಂದೆ:
ಸಿಡಿಯುವ ಮುನ್ನವೇ,
ಮೂವತ್ತು ಲಕ್ಷ ವರ್ಷದ ಆ ಸಣ್ಣ ಬಿಡುವಿನಲ್ಲೇ
ಒಂದು ಗೊಂಚಲು, ಬಿಗಿ,
ಹೊಗೆ ಹಾಕಿದರೂ ಏಳದ ಹೆಜ್ಜೇನು.

ಕಂಡೆನೋ, ಇಟ್ಟೆನೋ?
ಮುರಿಗೆಪ್ಪ ಸರ್ ಕನ್ನಡಕದ ಮೇಲಿಂದ ನೋಡಿ
"ಅಂಕಿ ಬದಲಿಸಿದರೂ ಉಳಿಯೋದನ್ನ ಮಾತ್ರ ನಂಬು" ಎಂದರು.
ಬದಲಿಸುತ್ತಲೇ ಇದ್ದೇನೆ.

ಭಾನುವಾರ ಭದ್ರಾವತಿಯಲ್ಲಿ, ಫೋನಿನಲ್ಲಿ, ಅಪ್ಪನಿಗೆ ತೋರಿಸಿದೆ.
ಮೂವತ್ತೊಂದು ವರ್ಷ ಕುಲುಮೆಯ ಬಾಯಲ್ಲಿ ನಿಂತವರು.
ಬಲ ಹುಬ್ಬು ಇಂದಿಗೂ ಅರ್ಧವೇ.
"ಇದರಲ್ಲಿ ಕಬ್ಬಿಣ ಎಲ್ಲಿ?"
ಇಲ್ಲವೆಂದೇ ಹೇಳಬೇಕು ಅಪ್ಪ, ಇವು ಸತ್ತ ಮೇಲೆ ಬರಬೇಕು.
"ಹಂಗಾದ್ರೆ ಅಲ್ಲಿ ಜನ ಯಾವ ಕೆಲಸಕ್ಕೆ ಹೋಗ್ತಾರೆ?"
ನಕ್ಕರು. ನಾನೂ.
ಕಾರ್ಖಾನೆಯ ಸೈರನ್ ಕೂಗುತ್ತಿದ್ದ ಹೊತ್ತು. ಕೂಗಲಿಲ್ಲ.
ಆಮೇಲೆ ಅವರೇ, ಬೆರಳಿಂದ ಗೊಂಚಲನ್ನು ಮುಟ್ಟಿ:
"ಗಾಳಿ ಜಾಸ್ತಿ ಊದಿದ್ರೆ ಹದ ಕೆಡತ್ತೆ,
ಕಮ್ಮಿ ಊದಿದ್ರೆ ಕರಗೋದೇ ಇಲ್ಲ.
ಮಧ್ಯದ್ದನ್ನ ಮೀಟರು ಹೇಳಲ್ಲ, ಬಣ್ಣ ಹೇಳತ್ತೆ."
ಬಣ್ಣ ನಾನೇ ಕೊಟ್ಟಿದ್ದು ಎಂದು ಹೇಳಲಾಗಲಿಲ್ಲ.

ನಿನ್ನೆ ರಾತ್ರಿ ಎಲ್ಲ ನಿಂತುಹೋಯಿತು. ಕೆಟ್ಟಿರಲಿಲ್ಲ.
ಗೊಂಚಲಿನ ನಡುವೆ ಎರಡು ಕಣ
ಒಂದಕ್ಕೊಂದು ಎಷ್ಟು ಹತ್ತಿರ ಬಂದಿದ್ದವೆಂದರೆ
ಅವುಗಳ ಸುತ್ತು ಹಿಡಿಯಲು
ಸಾವಿರ ವರ್ಷದ ಹೆಜ್ಜೆ ವರ್ಷದ್ದಾಗಿ, ವಾರದ್ದಾಗಿ,
ಇವೆರಡರ ಮಾತು ಮುಗಿಯಲೆಂದು
ಇಡೀ ಗ್ಯಾಲಕ್ಸಿ ಹೊಸ್ತಿಲಾಚೆ ಕಾದು ನಿಂತಿತ್ತು.

ಇದಕ್ಕೊಂದು ಉಪಾಯವಿದೆ: ಮೃದುತ್ವದ ಉದ್ದ.
ಇಷ್ಟಕ್ಕಿಂತ ಹತ್ತಿರ ಬಂದರೆ
ಸೆಳೆತ ಸಡಿಲವಾಗಲಿ ಎಂಬ ಸುಳ್ಳು.
ಎಲ್ಲರೂ ಹೇಳುತ್ತಾರೆ, ಪ್ರಬಂಧದಲ್ಲಿ ಒಂದೇ ಸಾಲು.
ಆ ಅಂಕಿಯನ್ನು ಇನ್ನಷ್ಟು ಹಿಗ್ಗಿಸಿದರಾಯಿತು.

ಹಿಗ್ಗಿಸಲು ಕೂತೆ. ಬೆರಳು ಕೀಲಿಯ ಮೇಲೆ.
ಹೊರಗೆ ಕರೆಂಟಿಲ್ಲ, ಡ್ಯಾಮಿನ ಕಡೆಯ ದೀಪಗಳೂ ಇಲ್ಲ.
ರಾತ್ರಿ ಕಾವಲಿನ ರುದ್ರೋಜಿ ಜನರೇಟರಿಗೆ ಡೀಸೆಲ್ ಸುರಿಯುತ್ತ
"ಇನ್ನೂ ಎಷ್ಟೊತ್ತಮ್ಮ?"
"ಇಬ್ಬರು ಇನ್ನೂ ಒಳಗಿದ್ದಾರಣ್ಣ."
ಅವರು ಇಣುಕಿದರು, ಖಾಲಿ ಕೋಣೆ ನೋಡಿದರು,
ಏನೂ ಕೇಳದೆ
ಇನ್ನೊಂದು ಕ್ಯಾನು ತಂದರು.