ಕೊನೆಮನೆಯ ದೂರು

ಬೆಳಗಿನ ಮೂರೂವರೆ. ಯಾರಬ್ ನಗರದ ತಿರುವು.
ಕಬ್ಬಿಣದ ಕಡ್ಡಿಯ ಒಂದು ತುದಿ ರಸ್ತೆಗೆ, ಇನ್ನೊಂದು ಕಿವಿಗೆ.
ಇಪ್ಪತ್ತೆಂಟು ವರ್ಷ ಹೀಗೇ ಕೇಳಿದ್ದೇನೆ:
ಡಾಂಬರಿನಡಿ ನೀರು ಎಲ್ಲಿ ನಡೆಯುತ್ತೆ, ಎಲ್ಲಿ ಓಡುತ್ತೆ,
ಎಲ್ಲಿ ಇಕ್ಕಟ್ಟಿಗೆ ಸಿಕ್ಕಿ ಸುಯ್ಗುಡುತ್ತೆ.

ಹಾಗಾಗಿ ಡಾಕ್ಟರ್ ತಸ್ನೀಮ್
ನನ್ನ ಹೊಕ್ಕುಳ ಪಕ್ಕ, ಕೊಂಚ ಮೇಲೆ, ಎಡಕ್ಕೆ
ತಣ್ಣನೆ ಬಿಲ್ಲೆ ಒತ್ತಿ ಕಣ್ಣು ಮುಚ್ಚಿದಾಗ
ಕೇಳಿದೆ: 'ಸುಯ್ ಅಂತಿದೆಯಾ ಮೇಡಂ?'
ಅವರು ಕಣ್ಣು ಬಿಟ್ಟು ನನ್ನನ್ನೇ ನೋಡಿದರು.

ಇನ್ನೂರ ಹತ್ತು, ನೂರ ಇಪ್ಪತ್ತು.
ಮೂರು ಥರದ ಮಾತ್ರೆಗೂ ಜಗ್ಗದ ಬೀಪಿ.
ಉಪ್ಪು ಬಿಟ್ಟೆ. ಬೀಡಿ ಬಿಟ್ಟೆ, ಬಿಟ್ಟೆ ಅಂದರೆ
ಚೆಂಗಮ್ಮನ ಎದುರು ಬಿಟ್ಟೆ.
ಸ್ಕ್ಯಾನಿನಲ್ಲಿ ಕಂಡಿತು: ಎಡ ಕಿಡ್ನಿಗೆ ಹೋಗುವ ರಕ್ತನಾಳ
ಒಳಗೆಲ್ಲ ಕಿಟ್ಟ ಕಟ್ಟಿ, ಹುಲ್ಲುಕಡ್ಡಿಯಷ್ಟೇ ದಾರಿ.

ಕಿಡ್ನಿಗೇನು ಗೊತ್ತು ಪಾಪ? ಅದು ಬೀದಿಯ ಕೊನೆಮನೆ.
ತನ್ನ ನಲ್ಲಿ ತೊಟ್ಟಿಕ್ಕಿದರೆ
ಊರಿಗೇ ನೀರಿಲ್ಲ ಅಂತ ಅದರ ಲೆಕ್ಕ.
ರಕ್ತದಲ್ಲಿ ಒಂದು ಚೀಟಿ ತೇಲಿಬಿಡುತ್ತಂತೆ.
ಅದು ಸಾಲದು ಅಂತ ನರದ ತಂತಿ ಹಿಡಿದು
ನೇರ ತಲೆಗೇ ಫೋನು:
'ಸ್ವಾಮಿ, ಇಲ್ಲಿ ಒಣಗ್ತಾ ಇದ್ದೀವಿ.'

ತಲೆ ಅಂದರೆ ಆಫೀಸು.
ಆಫೀಸು ಯಾವತ್ತು ರಸ್ತೆಗಿಳಿದು ನೋಡಿದೆ?
'ಪ್ರೆಷರ್ ಏರಿಸಿ' ಅನ್ನುತ್ತೆ.
ಬೇರೆ ನರಗಳು ಆ ಆರ್ಡರು ಹೊತ್ತು ಕೆಳಗೋಡುತ್ತವೆ.
ಹೃದಯಕ್ಕೆ: ಜೋರಾಗಿ ಒತ್ತು. ನಾಳಗಳಿಗೆ: ಬಿಗಿ ಹಿಡಿ.
ಒಂದು ನಕಲು ಕಿಡ್ನಿಗೂ: ಬಿಡಬೇಡ, ಇನ್ನೂ ಕೂಗು.
ಅದು ಇನ್ನೂ ಕೂಗುತ್ತೆ.

ನನಗಿದು ಹಳೇ ಕಥೆ.
ಕದಿರೇನಹಳ್ಳಿ ಕಡೆ, ಅಡ್ಡರಸ್ತೆಯ ಕೊನೆಮನೆ ಆರೋಗ್ಯಮ್ಮ
ದಿನಾ ದೂರು ಕೊಟ್ಟು, ಮೇಲಿನವರು ಒತ್ತಡ ಏರಿಸಿ,
ಮೊದಲನೇ ಮನೆಯ ಮುಂದೆ ಪೈಪು ಒಡೆದು
ಆಳೆತ್ತರ ಚಿಮ್ಮಿತ್ತು ನೀರು; ಮಕ್ಕಳು ಸ್ಕೂಲು ತಪ್ಪಿಸಿ ನೆನೆದವು.
ಆರೋಗ್ಯಮ್ಮನ ಬಿಂದಿಗೆ ಆವತ್ತೂ ಅರ್ಧ.
ಸುಳ್ಳು ಹೇಳಿರಲಿಲ್ಲ ಆಕೆ.
ಅದೇ ಕಷ್ಟ.

ತೊಡೆಸಂದಿಯಿಂದ ತಂತಿ ತೂರಿಸಿ ಸ್ಟೆಂಟ್ ಇಟ್ಟರು.
ಪರದೆಯ ಮೇಲೆ ಎಡ ಕಿಡ್ನಿ
ಮಸಿಯಲ್ಲಿ ಬರೆದ ಮರದ ಹಾಗೆ ಒಮ್ಮೆಲೇ ತುಂಬಿ ಬಂತು.
ಸುಯ್ ನಿಂತಿತು.
ಬೀಪಿ ಪೂರ್ತಿ ಇಳಿಯಲಿಲ್ಲ. ನೂರ ಐವತ್ತೆಂಟು.
'ನರಗಳಿಗೆ ಅಭ್ಯಾಸ ಬಿದ್ದಿದೆ ಅಬ್ಬಯ್ಯ,
ಮಾತ್ರೆ ಒಂದಿರಲಿ' ಅಂದರು ಡಾಕ್ಟರು.

ಇರಬಹುದು.
ರಜೆಯ ಮೇಲಿದ್ದೇನೆ, ವಾಲ್ವಿನ ಕೀಲಿ ಬೇರೆ ಹುಡುಗನ ಕೈಲಿದೆ.
ಆದರೂ ಮೂರೂವರೆಗೆ ಎಚ್ಚರ.
ಚೆಂಗಮ್ಮ ನಿದ್ದೆಗಣ್ಣಲ್ಲೇ ಎದೆಯ ಮೇಲೆ ಕೈಯಿಟ್ಟು
'ಯಾರೂ ಕರೆದಿಲ್ಲ, ಮಲಕ್ಕೋ' ಅನ್ನುತ್ತಾಳೆ.
ಹೊರಗೆ ಸಂಪಿನೊಳಗೆ ನೀರು ಬೀಳುವ ಸದ್ದು.
ಹುಡುಗ ಎರಡು ಸುತ್ತು ಜಾಸ್ತಿ ತಿರುಗಿಸಿದ್ದಾನೆ.