ಇತರೆ

ಚಳ್ಳಕೆರೆಯ ಪಾವಗಡ ರಸ್ತೆಯಲ್ಲಿ ನಮ್ಮ ಬಂಕು.
ಎದುರಿಗೆ ಬೀಗ ಬಿದ್ದ ಎಣ್ಣೆ ಮಿಲ್ಲು,
ಗೋಡೆಗೆ ಇನ್ನೂ ಶೇಂಗಾ ಹಿಂಡಿಯ ವಾಸನೆ.
ಊರೇ ಎಣ್ಣೆಯದು, ಹಾಗಾಗಿ
ಸರ್ಕಾರದ ಪತ್ರಕ್ಕೆ ನಾನೇನೂ ಬೆರಗಾಗಲಿಲ್ಲ:
ಮೆಕ್ಕೆಜೋಳದ ಸ್ಪಿರಿಟ್ಟು, ಕರಿದುಳಿದ ಎಣ್ಣೆಯ ಡೀಸೆಲ್ಲು
ಮಾರಲು ಬಂಕು ಸಜ್ಜು ಮಾಡಿಕೊಂಡರೆ
ಖರ್ಚಿನಲ್ಲಿ ಅರ್ಧ ನಮ್ಮದು.
ಅರ್ಧ ಯಾವಾಗ ಅಂತ ಮಾತ್ರ ಎಲ್ಲೂ ಇರಲಿಲ್ಲ.

ಮಾವ ಹೂಳಿಸಿದ್ದ ಟ್ಯಾಂಕನ್ನು ಕ್ರೇನು ಎತ್ತಿತು.
ಮೂವತ್ತೆಂಟು ವರ್ಷ ಅದರ ಮೇಲೇ ಓಡಾಡಿ
ಹೊಟ್ಟೆ ನೋಡಿದ್ದು ಅವತ್ತೇ:
ತುಕ್ಕು, ಕೆಮ್ಮಣ್ಣು, ಒಂದು ಮಗ್ಗುಲಿಗೆ
ಬೇವಿನ ಬೇರು ತಬ್ಬಿ ಮಲಗಿತ್ತು.
ಸ್ಪಿರಿಟ್ಟಿಗೆ ನೀರೆಂದರೆ ಪ್ರಾಣ ಮೇಡಂ, ಎಂದ ಇಂಜಿನಿಯರು,
ಎಲ್ಲಿ ಒಸರಿದರೂ ಎಳೆದುಕೊಂಡು ತಳಕ್ಕೆ ಕೂರುತ್ತೆ.
ಹೊಸ ಟ್ಯಾಂಕು, ಹೊಸ ಪೈಪು, ವಾಷರು ಕೂಡ ಹೊಸದು.
ಗುಂಡಿ ಮುಚ್ಚುವ ಮೊದಲು
ಬೋರ್ಡು ಕಾಣುವ ಹಾಗೆ ಫೋಟೊ.

ಮಾರಾಟದ ಮೂರನೇ ದಿನ ಪಾಲಯ್ಯ ಬಾಗಿಲಲ್ಲಿ ನಿಂತ.
ಹದಿನಾರು ವರ್ಷದಿಂದ ಒಂದನೇ ಪಂಪು ಅವನದೇ.
"ಅಕ್ಕಾ, ನನ್ನ ಡೀಸೆಲ್ ಕಡಿಗೆ ಹಾಕು."
ಯಾಕೋ?
ಕೈಯೊರೆಸುವ ಬಟ್ಟೆಯನ್ನೇ ನೋಡುತ್ತ,
"ವಾಸ್ನೆ ಬತ್ತೈತೆ."

ಹೋದ ಕಾರ್ತೀಕಕ್ಕೆ ಕುಡಿತ ಬಿಟ್ಟವನು.
ಹೆಂಡತಿ ಗಂಗಮಾಳಮ್ಮ
ಕ್ಯಾಲೆಂಡರಿಗೆ ದಿನಾ ಇದ್ದಿಲ ಗೀಟು ಎಳೆಯುತ್ತಾಳೆ.
ಸ್ಕೂಟರು ಬಾಯಿ ತೆರೆದಾಗೆಲ್ಲ
ಅವನ ಬಾಯಿಗೇ ಹಿಡಿದ ಹಾಗೆ.
"ಕುಡಿಯೋದಲ್ಲ, ವಿಷ ಅಂತ ನಂಗೊತ್ತು.
ಮೂಗಿಗೆ ಗೊತ್ತಿಲ್ಲಲ್ಲಕ್ಕಾ."

ಡೀಸೆಲ್ಲಿಗೆ ಹಾಕಿದೆ. ಅಲ್ಲಿ ಬೇರೆಯೇ ಕಥೆ.
ಯಾವ್ಯಾವ ಊರಿನ ಮಿರ್ಚಿ ಬಾಣಲೆಯೋ,
ಲಾರಿ ಹೊರಟರೆ ಹಿಂದೆ ಬಜ್ಜಿಯ ಹೊಗೆ.
ಸಂಜೆ ಐದಕ್ಕೇ ಹಸಿವು, ಒಂದು ಪ್ಲೇಟು ಮಂಡಕ್ಕಿ, ಇನ್ನೊಂದು ಪ್ಲೇಟು.
ಎರಡು ತಿಂಗಳಿಗೆ ಯೂನಿಫಾರ್ಮಿನ ಗುಂಡಿ ಹಾರಿತು.
ಗಂಗಮಾಳಮ್ಮ ಬಂಕಿಗೇ ಬಂದು
ಅವನ ಅಂಗಿ ಮೂಸಿ, ನಕ್ಕು ಹೋದಳು.

ಅನುದಾನದ ಅರ್ಜಿಯಲ್ಲಿ ಕಡೆಯ ಕಾಲಂ: ಇತರೆ.
ಬರೆದೆ: ಶರ್ಟು, ಒಂದು ಸೈಜು ದೊಡ್ಡದು, ಎರಡು.
ಏಳುನೂರ ನಲವತ್ತು ರೂಪಾಯಿ.

ಕೆಂಪು ಶಾಯಿಯಲ್ಲಿ ಸುತ್ತು ಹಾಕಿಸಿಕೊಂಡು ವಾಪಸು ಬಂದಿದೆ:
ಯೋಜನೆಗೆ ಸಂಬಂಧವೇನು? ಸ್ಪಷ್ಟೀಕರಿಸಿ.

ಮಾನ್ಯರೇ, ಎಂದು ಬರೆದು
ಗಾಜಿನಾಚೆ ನೋಡುತ್ತ ಕೂತಿದ್ದೇನೆ.
ಒಂದನೇ ಪಂಪಿನ ಕಡೆಯಿಂದ ಗಾಳಿ ಬೀಸಿದಾಗೆಲ್ಲ
ಪಾಲಯ್ಯ ಮುಖ ತಿರುಗಿಸಿ
ಎದುರಿನ ಮಿಲ್ಲಿನ ಬೀಗ ನೋಡುತ್ತ ನಿಲ್ಲುತ್ತಾನೆ,
ಗಾಳಿ ಹೋಗುವವರೆಗೆ.