ದಪ್ಪ ತಂತಿಯ ಸ್ಪ್ರಿಂಗು

ನವೆಂಬರಿನ ಮೊದಲ ಶನಿವಾರ, ಕ್ಯಾರಿಬೂ ಊರಾಚೆ,
ಆಲೂಗಡ್ಡೆ ಕಿತ್ತು ಮುಗಿದ ಹೊಲದ ಮಗ್ಗುಲಲ್ಲಿ
ನನ್ನ ತೊಂಬತ್ತಾರರ ಡಾಡ್ಜ್ ಪಿಕಪ್ಪು
ಹಿಮ ತಳ್ಳುವ ಉಕ್ಕಿನ ಹಲಗೆ ಎತ್ತಿದ್ದೇ ತಡ
ಮೂಗು ತಗ್ಗಿಸಿ ನಿಂತಿತು
ಸಾಲ ಕೇಳಲು ಬಂದವನ ಹಾಗೆ.

ಮುನ್ನೂರೈವತ್ತು ಕಿಲೋ ಹಲಗೆ.
ಅಷ್ಟೊಂದು ಚಳಿಗಾಲ ಹೊತ್ತ ಮುಂದಿನ ಸ್ಪ್ರಿಂಗುಗಳು
ಸುರುಳಿಗೆ ಸುರುಳಿ ತಾಗಿ ಕೂತುಬಿಟ್ಟಿದ್ದವು.
ಹೋದ ಫೆಬ್ರವರಿ ಚರ್ಚಿನ ತಿರುವಿನ ಗುಂಡಿಯಲ್ಲಿ
ಕಬ್ಬಿಣ ಕಬ್ಬಿಣಕ್ಕೆ ಬಡಿದ ಸದ್ದು
ಇನ್ನೂ ನನ್ನ ಸೊಂಟದಲ್ಲೇ ಇದೆ.

ಹೊಸದು ತರಲು ದುಡ್ಡಿತ್ತು, ಸುಳ್ಳೇಕೆ.
ಆದರೆ ಎವರಿಸ್ಟ್ ಸಿರೋಯಿ ಸತ್ತಮೇಲೆ
ಅವನ ಡೀಸೆಲ್ ಗಾಡಿ ಕೊಟ್ಟಿಗೆಯ ಹಿಂದೆ
ಹುಲ್ಲಿನಲ್ಲಿ ಮುಳುಗಿತ್ತು.
ಡೀಸೆಲ್ ಎಂಜಿನ್ನಿಗೆ ತೂಕ ಜಾಸ್ತಿ,
ಅದನ್ನು ಹೊರುವ ಸ್ಪ್ರಿಂಗಿಗೆ ತಂತಿ ದಪ್ಪ.
ಕೂರುವ ಬಟ್ಟಲು ಮಾತ್ರ ಅದೇ. ಹಳಬರ ಗುಟ್ಟು ಇದು.
ಒಂದೇ ಬೀದಿಯ ಹನ್ನೊಂದು ಅಂಗಳಗಳಿಗಾಗಿ
ಇಪ್ಪತ್ತು ವರ್ಷ ಕಿತ್ತಾಡಿದವರು ನಾವಿಬ್ಬರು.
ಜೆರಾಲ್ಡಿನ್ ಬಾಗಿಲಿಗೆ ಒರಗಿ ಹೇಳಿದಳು:
‘ಬಿಚ್ಚಿಕೋ. ಕೇಳಿದ್ದರೆ ಅವನು ಕೊಡುತ್ತಿರಲಿಲ್ಲ.
ಪುಣ್ಯಕ್ಕೆ, ಕೇಳುವ ಹಾಗಿಲ್ಲ.’

ಮೂರು ದಿನ ತುಕ್ಕಿಗೆ ಎಣ್ಣೆ ಕುಡಿಸಿದೆ.
ತಂಗಿಯ ಮಗ ಕಾರ್ಟರ್ ಟಾರ್ಚು ಹಿಡಿದ,
ಹದಿನಾರರ ಹುಡುಗ, ಬೆಳಕು ಯಾವಾಗಲೂ
ನನ್ನ ಕೈ ಇಲ್ಲದ ಕಡೆಗೆ.
ಜಾಕು, ಆಸರೆಯ ಕುದುರೆಗಳು, ಕಳಚಿಟ್ಟ ಚಕ್ರ.
ನಾಲ್ಕನೆಯ ನಟ್ಟು ಜಪ್ಪಯ್ಯ ಅನ್ನಲಿಲ್ಲ;
ಬೆಂಕಿ ತೋರಿಸಿದೆ, ಬೈದೆ, ಮತ್ತೆ ಬೆಂಕಿ ತೋರಿಸಿದೆ.
‘ಮುಖ ಆಚೆ ಇಟ್ಟುಕೋ’ ಅಂದೆ ಹುಡುಗನಿಗೆ,
‘ಅದುಮಿಟ್ಟದ್ದು ಯಾವಾಗ ಚಿಮ್ಮೀತೋ ಹೇಳಲಾಗದು.’
ಅಚ್ಚು ಮೆಲ್ಲಗೆ ಇಳಿಯಿತು.
ಹಳೆಯ ಸ್ಪ್ರಿಂಗು ಚಿಮ್ಮಲಿಲ್ಲ.
ಸುಮ್ಮನೆ ವಾಲಿ ನನ್ನ ಅಂಗೈಗೆ ಬಂತು.
ಅಲ್ಲಿ ಒಳಗೆ ಏನೂ ಉಳಿದಿರಲಿಲ್ಲ.

ಹೊತ್ತು ಹೊತ್ತು ಹೊತ್ತೇ ಹೋಗುತ್ತದೆ.
ಕ್ಲಾರಿಸಳನ್ನು ಮಂಚದಿಂದ ಕುರ್ಚಿಗೆ,
ಕುರ್ಚಿಯಿಂದ ಕಿಟಕಿಗೆ, ನಾಲ್ಕು ವರ್ಷ.
ಕೊನೆಕೊನೆಗೆ ಮುಂಜಾವದ ಬ್ರೆಡ್ಡಿನ ಚೀಲದಷ್ಟೂ ಇರಲಿಲ್ಲ ಅವಳು;
ಸೊಂಟ ಮಾತ್ರ ಮೊದಲ ದಿನದ ತೂಕಕ್ಕೇ ಅಣಿಯಾಗಿ ಬಾಗುತ್ತಿತ್ತು.
ಈಗಲೂ ಬೆಳಗಿನ ಆರಕ್ಕೆ
ಹಾಗೇ ಬಾಗಿ ಏಳುತ್ತೇನೆ, ಖಾಲಿ ತೋಳಲ್ಲಿ.
ಕಾರ್ಟರ್‌ಗೆ ಇದೆಲ್ಲ ಹೇಳಲಿಲ್ಲ.
‘ಹದಿನೈದರ ಸಾಕೆಟ್ಟು ಕೊಡು’ ಅಂದೆ.

ಹಲಗೆ ಸಿಕ್ಕಿಸಿ ಎತ್ತಿದೆವು. ಎರಡು ಬೆರಳು ಇಳಿದು
ನಿಂತಿತು ಗಾಡಿ, ಮಟ್ಟಸ.
ಹುಡುಗ ಶಿಳ್ಳೆ ಹೊಡೆದ.
ಹಲಗೆ ಕಳಚಿ ಪೇಟೆಗೆ ಹೊರಟರೆ ಬೇರೆಯೇ ಕತೆ:
ಮೂಗು ಆಕಾಶಕ್ಕೆ, ಪ್ರತಿ ಕಲ್ಲಿಗೂ ಕುಪ್ಪಳಿಕೆ,
ಕಾಫಿ ಪ್ಯಾಂಟಿನ ಮೇಲೆ.
ಭಾರವಿಲ್ಲದೆ ನಡೆಯಲು ಬಾರದ ಸ್ಪ್ರಿಂಗು.

ಆ ರಾತ್ರಿ ಜೆರಾಲ್ಡಿನ್‌ಗೆ ಹಣ ಕೊಡಲು ಹೋದೆ.
ಮೇಲಿನ ಮಾಳಿಗೆಯ ಪರದೆ ಸರಿಯಿತು, ಕಿಟಕಿ ತೆರೆಯಿತು.
‘ನಿನ್ನ ದೀಪ ನೆಟ್ಟಗೆ ನನ್ನ ಮಂಚಕ್ಕೆ ಬಿತ್ತು’ ಅಂದಳು,
‘ಗೋಡೆಯೆಲ್ಲ ಬೆಳಗಿ, ಒಂದು ಗಳಿಗೆ—’
ಮಾತು ಅಲ್ಲಿಗೇ ಬಿಟ್ಟಳು.
ಆಮೇಲೆ, ‘ದೀಪ ಸರಿಮಾಡಿಸಿಕೋ, ಕತ್ತೆ.’
ಹಣ ಬೇಡವೆಂದಳು; ಹಿಮ ಬಿದ್ದಾಗ
ಮೊದಲು ತನ್ನ ಅಂಗಳ ಎಂದಳು.

ಮಾರನೆ ದಿನ ಗ್ಯಾರೇಜಿನ ಗೋಡೆಗೆ ಟೇಪು ಹಚ್ಚಿ
ದೀಪದ ತಿರುಪುಗಳ ಮುಂದೆ ಮಂಡಿಯೂರಿದೆ.
ಎಡಕ್ಕೆ ಮೂರು ಸುತ್ತು, ಬಲಕ್ಕೆ ಮೂರು ಬೇಕಿತ್ತು.
ಎಡಕ್ಕೆ ಮೂರು ತಿರುವಿದೆ.
ಬಲಕ್ಕೆ ಎರಡು.